ಬಲ್ಬು ನೋಡುವ ಕೆಲಸ

ಆ ಹುಡುಗಿ ಕೇಳಿದ ಪ್ರಶ್ನೆಗೆ ನಾನು ಏನು ಹೇಳಿದೆ ಎಂಬುದಕ್ಕೆ ನನ್ನ ಹತ್ತಿರ ಮೂರು ಉತ್ತರಗಳಿವೆ. ಹೆಂಡತಿಗೆ ಒಂದು ಹೇಳಿದ್ದೇನೆ. ಸ್ಟಾಫ್‌ರೂಮಿನಲ್ಲಿ ಇನ್ನೊಂದು ಹೇಳಿದ್ದೇನೆ. ಮೂರನೆಯದನ್ನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮೂರರಲ್ಲೂ ಅವಳ ಕೈಯಲ್ಲಿ ಹಾಲ್‌ಟಿಕೆಟ್ ಇದೆ, ಶಾಲೆಯ ವರಾಂಡದಲ್ಲಿ ಬಿಸಿಲಿದೆ, ಗೋಡೆಯಾಚೆ ಮಗ್ಗಗಳ ಸದ್ದಿದೆ. ಬದಲಾಗುವುದು ನನ್ನ ಬಾಯಿಂದ ಬರುವ ಮಾತು ಮಾತ್ರ. ಒಂದೇ ಗಳಿಗೆಗೆ ಮೂರು ನೆನಪುಗಳಿದ್ದರೆ ಕನಿಷ್ಠ ಎರಡು ಸುಳ್ಳಾಗಿರಲೇಬೇಕು ಎಂಬುದು ವಿಜ್ಞಾನ ಕಲಿಸುವವನಿಗೆ ಗೊತ್ತಿರಬೇಕು. ಮೂರೂ ಸುಳ್ಳಾಗಿರಬಹುದು ಎಂಬುದು ನನಗೆ ತಡವಾಗಿ ತಿಳಿಯಿತು.

ಪ್ರಶ್ನೆ ಇಷ್ಟೇ: "ಸರ್, ಕರೆಂಟಿಂದು ಬಂದ್ರ ಯಾವ್ದ ಬರೀಲ್ರಿ? ಪ್ಯಾಕೇಜಿಂದೋ, ಬಲ್ಬಿಂದೋ?"

ಬಲ್ಬಿನಿಂದ ಶುರು ಮಾಡುತ್ತೇನೆ.

ನಾನು ಜಮಖಂಡಿಯಲ್ಲಿ ಮನೆ ಮಾಡಿಕೊಂಡು ಬನಹಟ್ಟಿಯ ಒಂದು ಪ್ರೌಢಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ವಿಜ್ಞಾನ ಮಾಸ್ತರ. ಅದಕ್ಕೂ ಮೊದಲು ಕೆಲವು ವರ್ಷ ಗಲಗಲಿ ಕಡೆ ಇದ್ದೆ. ಅಲ್ಲಿ ಹೊಳೆಯ ದಂಡೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ ನೀರಿನಲ್ಲಿ ಕೋಲು ನೆಟ್ಟು ಬೆಳಕಿನ ವಕ್ರೀಭವನ ತೋರಿಸಿದ್ದೆ. ಮೀನಿಗೆ ಗುರಿ ಇಡುವಾಗ ಅದು ಕಾಣುವ ಜಾಗಕ್ಕಿಂತ ಕೆಳಗೆ ಹೊಡೆಯಬೇಕು ಎಂದು ಆ ಮಕ್ಕಳೇ ನನಗೆ ಹೇಳಿಕೊಟ್ಟರು. ಆಗ ನಾನು ಒಳ್ಳೆಯ ಮಾಸ್ತರನಾಗಿದ್ದೆ ಅನಿಸುತ್ತದೆ. ಆದರೆ ಹೊಳೆ, ಕೋಲು, ಮೀನು ಎಲ್ಲ ಇಷ್ಟು ಚೆಂದ ಒಂದೇ ಮಧ್ಯಾಹ್ನದಲ್ಲಿ ಕೂಡಿ ಬಂದಿದ್ದವೇ? ಎರಡು ಮೂರು ದಿನಗಳನ್ನು ನಾನು ಒಂದಕ್ಕೆ ಹೊಲಿದಿರಬೇಕು.

ಬನಹಟ್ಟಿಯ ಆ ಹುಡುಗಿ ಹತ್ತನೆಯ ತರಗತಿಯಲ್ಲಿ ಹುಡುಗಿಯರ ಸಾಲಿನ ಕೊನೆಯ ಬೆಂಚಿನವಳು. ಅವಳ ಅಪ್ಪ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ವಿದ್ಯುತ್ ಮಗ್ಗ ನಡೆಸುತ್ತಿದ್ದ. ಶಾಲೆಗೆ ಬರುವ ಮೊದಲು ಮತ್ತು ಶಾಲೆಯಿಂದ ಹೋದ ಮೇಲೆ ಅವಳು ಕಂಡಿಕೆ ಸುತ್ತುತ್ತಿದ್ದಳು, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುವ ಕೆಲಸ. ಬಾಯಿಪಾಠ ಅವಳಿಗೆ ಆಗುತ್ತಿರಲಿಲ್ಲ. 'ವಿಭವಾಂತರ' ಎಂಬ ಶಬ್ದವನ್ನು ಒಂದು ವರ್ಷದಲ್ಲಿ ಐದು ಬಗೆಯಲ್ಲಿ ಬರೆದಿದ್ದಳು, ಐದೂ ತಪ್ಪು.

ವಿದ್ಯುತ್ ಪಾಠದ ದಿನ ಬೋರ್ಡಿನ ಮೇಲೆ ಬರೆದೆ: ಸಮಾಂತರ ಜೋಡಣೆಯಲ್ಲಿ ಪ್ರತಿಯೊಂದು ಉಪಕರಣಕ್ಕೂ ಒಂದೇ ವಿಭವಾಂತರ ದೊರೆಯುತ್ತದೆ. ವಿಭವಾಂತರ ಅಂದರೆ ನೀವು ವೋಲ್ಟೇಜ್ ಅನ್ನುವುದೇ ಎಂದು ವಿವರಿಸಿದೆ.

"ಹಂಗಿಲ್ರಿ ಸರ್." ಹಿಂದಿನಿಂದ ದನಿ ಬಂತು. ಇಡೀ ತರಗತಿ ತಿರುಗಿ ನೋಡಿತು.

"ಏನ್ ಹಂಗಿಲ್ಲ?"

"ವೋಲ್ಟೇಜ್ ಒಂದ ಇರಂಗಿಲ್ರಿ. ಬಾಜು ಮನ್ಯಾವ್ರು ಮಗ್ಗ ಹಚ್ಚಿದ್ರ ನಮ್ಮ ಬಲ್ಬ್ ಸಣ್ಣ ಆಕೈತ್ರಿ. ಅವರ ಮಗ್ಗಕ್ಕ ವೇಗ ಬಂತಂದ್ರ ಮತ್ತ ದೊಡ್ಡದ ಆಕೈತ್ರಿ."

"ಅವರ ಬಲ್ಬ್ ಸೋಮಾರ ಉಪಾಸ ಮಾಡತೈತ್ರಿ ಸರ್!" ಎಂದು ಹುಡುಗನೊಬ್ಬ ಕೂಗಿದ.

"ನಿಮ್ಮ ಮನ್ಯಾಗ ಇನ್ನೂ ಕಂದೀಲ ಐತಿ, ನೀ ಸುಮ್ಮ ಕುಂಡ್ರಲೇ," ಎಂದಳು ಅವಳು, ಅವನ ಕಡೆ ನೋಡದೆ.

ನಗು ನಿಂತ ಮೇಲೆ ನಾನು ಕೇಳಿದೆ: "ಮತ್ತ ಹಂಗ್ಯಾಕ ಆಕೈತಿ?"

"ಗೊತ್ತಿಲ್ರಿ. ನಂದು ನೋಡೂ ಕೆಲಸಷ್ಟ."

ಅದು ನಿಜವಾಗಿಯೂ ಅವಳ ಕೆಲಸವಾಗಿತ್ತು. ಅವರ ಓಣಿಯಲ್ಲಿ ಸಾಲಾಗಿ ಮಗ್ಗದ ಶೆಡ್ಡುಗಳು, ಎಲ್ಲದಕ್ಕೂ ತುದಿಯಲ್ಲಿ ಒಂದೇ ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್. ಕರೆಂಟು ಹೋಗಿ ಬಂದಾಗ ಎಲ್ಲರೂ ಒಮ್ಮೆಗೇ ಮಗ್ಗ ಹಚ್ಚಿದರೆ ಟಿ.ಸಿ.ಯ ಫ್ಯೂಸು ಹಾರುತ್ತದೆ, ಅರ್ಧ ದಿನ ಹೋಗುತ್ತದೆ. ಅದಕ್ಕೆ ಓಣಿಯವರು ಒಂದು ಸರತಿ ಇಟ್ಟುಕೊಂಡಿದ್ದರು. ಮೇಲಿನ ಶೆಡ್ಡಿನವರು ಮೊದಲು, ಅವರದಾದ ಮೇಲೆ ಅದರ ಕೆಳಗಿನವರು. ಕೂಗಿ ಹೇಳಿದರೆ ಮಗ್ಗದ ಸದ್ದಿನಲ್ಲಿ ಕೇಳುವುದಿಲ್ಲ. ಹಾಗಾಗಿ ಪ್ರತಿ ಶೆಡ್ಡಿನಲ್ಲೂ ಒಂದು ಹಳೆಯ ತಂತಿಯ ಬಲ್ಬು ಮತ್ತು ಅದನ್ನು ನೋಡಲು ಒಬ್ಬರು. ಬಲ್ಬು ಕುಗ್ಗಿತು ಎಂದರೆ ಬಾಜುದವರು ಹಚ್ಚಿದರು. ಕುಗ್ಗಿದ್ದು ಮತ್ತೆ ಎದ್ದಿತು ಎಂದರೆ ಅವರ ಮೋಟಾರಿಗೆ ವೇಗ ಬಂತು, ಈಗ ನಮ್ಮ ಪಾಳಿ. ಆರೇಳು ವರ್ಷದವಳಿದ್ದಾಗಿನಿಂದ ಅವರ ಶೆಡ್ಡಿನಲ್ಲಿ ಇವಳದೇ ಆ ಕೆಲಸ. ಬಲ್ಬು ಏಳುತ್ತಲೇ ಕೈ ಎತ್ತುತ್ತಿದ್ದಳು, ಅಪ್ಪ ಬಟನ್ ಒತ್ತುತ್ತಿದ್ದ.

ಇದನ್ನು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ನಿದ್ದೆ ಬಂದಿತ್ತು. ಆದರೆ ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಯಾರನ್ನೂ ಕೇಳದೆ ಇಡೀ ತರಗತಿಯನ್ನು ಅವರ ಶೆಡ್ಡಿಗೆ ಕರೆದೊಯ್ದೆ.

ಅಪ್ಪ ಎಂಬುವನು ತೆಳ್ಳಗಿನ ಮನುಷ್ಯ, ಎರಡು ಮಾರು ದೂರದಲ್ಲಿದ್ದರೂ ಹೊಳೆಯಾಚೆಯವರನ್ನು ಕರೆದಂತೆ ಮಾತಾಡುತ್ತಿದ್ದ.

"ಜ್ವಾರಾಗಿ ಹೇಳ್ರಿ ಸರ್! ನನಗ ಮಗ್ಗ ನಿಂತ್ರೂ ಅದರ ಸದ್ದ ಕೇಳತೈತಿ!"

"ಈ ಬಲ್ಬ್ ಬದಲಿ ಎಲ್‌ಇಡಿ ಯಾಕ ಹಾಕಿಲ್ಲ?" ಎಂದು ಕೇಳಿದೆ.

"ಅದು ಏನೂ ಹೇಳಂಗಿಲ್ರಿ! ಬಾಜು ಮನ್ಯಾಗ ಏನರ ಆಗ್ಲಿ, ತಾ ನಕ್ಕೋಂತ ಇರತೈತಿ. ಇದು ಹೇಳತೈತಿ!"

ನಾನು ಮಲ್ಟಿಮೀಟರ್ ಒಯ್ದಿದ್ದೆ, ನನ್ನದೇ. ಶಾಲೆಯದು ಪ್ರಯೋಗಾಲಯದ ಕಪಾಟಿನಲ್ಲಿ ಬೀಗದೊಳಗಿತ್ತು. ಮಗ್ಗಗಳೆಲ್ಲ ನಿಂತಿದ್ದಾಗ ಇನ್ನೂರಾ ಇಪ್ಪತ್ತೆಂಟು ವೋಲ್ಟು. ಒಂದೊಂದೇ ಮಗ್ಗ ಹಚ್ಚಿಸಿದೆ, ಬಾಜುದವರಿಗೂ ಹೇಳಿ ಅವರ ನಾಲ್ಕನ್ನೂ ಹಚ್ಚಿಸಿದೆ. ಎಂಟನೆಯದು ಹತ್ತುವಾಗ ಮುಳ್ಳು ನೂರಾ ತೊಂಬತ್ತಾರಕ್ಕೆ ಬಿದ್ದು ಮೇಲೆದ್ದಿತು. ಬಲ್ಬು ಕೆಂಪಗಾಗಿ ಮತ್ತೆ ಬಿಳುಪಾಯಿತು. ಸದ್ದಿನಲ್ಲಿ ಪಾಠ ಮಾಡುವುದು ಸಾಧ್ಯವಿರಲಿಲ್ಲ. ಎಲ್ಲ ನಿಲ್ಲಿಸಿ ಕೇಳಿದೆ: "ಕಡಿಮಿ ಆದ ವೋಲ್ಟು ಎಲ್ಲಿ ಹೋದವು?"

"ಬಾಜು ಮನ್ಯಾವ್ರು ಕದ್ರು!" ಎಂದ ಕಂದೀಲಿನ ಹುಡುಗ.

ಅವಳು ಮೀಟರ್ ಬೋರ್ಡಿನ ಕಡೆ ನೋಡುತ್ತಿದ್ದಳು. "ಅಪ್ಪಾ ದಿನಾ ಸಂಜಿಕ ಆ ದಪ್ಪ ವೈರಿಗೆ ಹಿಂಗೈ ಹಚ್ಚಿ ನೋಡ್ತಾನ್ರಿ. ಎಲ್ಲಾ ಮಗ್ಗ ನಡದಾಗ ಅದು ಬೆಚ್ಚಗ ಆಕೈತ್ರಿ." ಸ್ವಲ್ಪ ತಡೆದು, "ಹಾದ್ಯಾಗ ಕಳದಾವ್ರಿ ಸರ್. ವೈರಿನ್ಯಾಗ," ಎಂದಳು.

ಟಿ.ಸಿ.ಯಿಂದ ಶೆಡ್ಡುಗಳವರೆಗೆ ಬರುವ ತಂತಿಯೂ ಒಂದು ರೋಧ. ಅದು ಅವೆಲ್ಲದರೊಂದಿಗೆ ಸರಣಿಯಲ್ಲಿದೆ. ಒಳಗೆ ಎಲ್ಲ ಸಮಾಂತರ, ಹೊರಗೆ ದಾರಿ ಮಾತ್ರ ಸರಣಿ. ಪ್ರವಾಹ ಹೆಚ್ಚಾದಷ್ಟೂ ದಾರಿಯಲ್ಲಿ ಕಳೆಯುವುದು ಹೆಚ್ಚು. ಇದನ್ನು ಹತ್ತನೆಯ ಪುಸ್ತಕ ಹೇಳುವುದಿಲ್ಲ, ಅಲ್ಲಿ ತಂತಿಗಳು ಬರೀ ಗೆರೆಗಳು. ಕೊನೆಯ ಬೆಂಚಿನ ಹುಡುಗಿ ಅದನ್ನು ಅಪ್ಪನ ಹಿಂಗೈಯಿಂದ ಕಂಡುಹಿಡಿದಿದ್ದಳು. ಅಥವಾ ನಾನೇ ಅವಳ ಬಾಯಿಗೆ ಮಾತು ಕೊಟ್ಟು ಹೇಳಿಸಿದೆನೋ? ಅಂದು ಅವಳು ಬರೆದುಕೊಂಡ ನೋಟ್‌ಬುಕ್ಕಿನ ಪುಟವನ್ನು ಆಮೇಲೂ ನೋಡಿದ್ದೇನೆ. ಅದರಲ್ಲಿ ಅಂಕಿಗಳಿವೆ, ಅವನ್ನು ನಂಬುತ್ತೇನೆ. ಮಾತುಗಳಿಗೆ ಸಾಕ್ಷಿಯಿಲ್ಲ.

ಹೊರಡುವಾಗ ಅಪ್ಪ ಹೇಳಿದ: "ಮೋಟಾರ್ ವೈಂಡಿಂಗ್ ಮಾಡಾಂವ ಬಂದ್ನಂದ್ರ ಊಟಾ ಬಿಟ್ಟ ಅವನ ಮುಂದ ಕುಂಡ್ರತಾಳ್ರಿ ಈಕಿ. ಜಮಖಂಡಿ ಐಟಿಐದಾಗ ಕರೆಂಟಿನ ಕೆಲಸಾ ಕಲೀತೀನಂತಾಳ."

"ಕಳಸ್ತೀರೇನು?"

"ಪಾಸ್ ಆಗ್ಲಿ, ಕಳಸ್ತೀನಿ. ನಮ್ಮ ಓಣ್ಯಾಗ ಮೋಟಾರ್ ಕೆಟ್ರ ಮೂರ್ ದಿನಾ ಹಾದಿ ಕಾಯ್ತೇವ್ರಿ. ಮಗಳ ಮಾಡಿದ್ರ ಬ್ಯಾಡನ್ನಾಕ ನನಗೇನ್ ಹುಚ್ಚ ಹಿಡದೈತಿ?"

ಅವಳು ತಲೆ ಬಗ್ಗಿಸಿ ಕಂಡಿಕೆಯ ಬುಟ್ಟಿ ಸರಿಸುತ್ತಿದ್ದಳು. ಕಿವಿ ಮಾತ್ರ ಇತ್ತ ಇತ್ತು. ಅಲ್ಲಿಂದ ಮುಂದೆ ನನಗೆ ಆ ವರ್ಷ ಅಂದರೆ ಅಷ್ಟೇ: ಈ ಹುಡುಗಿ ಪಾಸಾಗಬೇಕು, ಜಮಖಂಡಿಗೆ ಕರೆಂಟು ಕಲಿಯಲು ಹೋಗಬೇಕು.

ಸೋಮವಾರ ಹೆಡ್‌ಮಾಸ್ತರರು ಕರೆಸಿದರು.

"ಶೆಡ್ಡಿಗೆ ಯಾರ್ನ ಕೇಳಿ ಕರ್ಕೊಂಡ ಹೋದ್ರಿ?"

"ಪಾಠದ ಸಲುವಾಗಿ ಸರ್."

"ಒಬ್ಬಕಿ ಜಡಿ ಬೆಲ್ಟಿನ್ಯಾಗ ಸಿಕ್ಕಿದ್ರ ಯಾವ ಪಾಠದಾಗ ಬರೀತಿದ್ರಿ?"

ಅವರು ಮೇಜಿನ ಮೇಲಿನ ವಾರ್ಷಿಕ ಪಾಠ ಯೋಜನೆ ತೆರೆದು ತೋರಿಸಿದರು. ನಾನು ಎರಡು ಘಟಕ ಹಿಂದಿದ್ದೆ. "ನಾ ನಿಮ್ಮ ವೈರಿ ಅಲ್ರಿ. ತಾಲೂಕಾ ಮೀಟಿಂಗಿನ್ಯಾಗ ಫಲಿತಾಂಶ ಕಡಿಮಿ ಆದಾವ್ರನ್ನ ನಿಂದ್ರಸ್ತಾರ. ಈ ವಯಸ್ಸಿನ್ಯಾಗ ನಾ ನಿಂದ್ರಬೇಕೇನು? ಕೈ ಮುಗೀತೀನಿ, ಪರೀಕ್ಷಾ ಮುಗಿಯೂ ತನಕ ಸುಮ್ಮ ಇರ್ರಿ. ಆಮ್ಯಾಲ ಬೇಕಾದ್ರ ಹುಡುಗೂರ್ನ ಚಂದ್ರಗ ಕರ್ಕೊಂಡ ಹೋಗ್ರಿ."

ಡಿಸೆಂಬರ್ ಬಂತು. ನಮ್ಮಲ್ಲಿ ಡಿಸೆಂಬರ್ ಬಂತೆಂದರೆ ಪಾಠ ಮುಗಿಯಿತು, ಪ್ಯಾಕೇಜು ಶುರುವಾಯಿತು ಎಂದರ್ಥ. ಪಾಸಿಂಗ್ ಪ್ಯಾಕೇಜ್ ಅಂದರೆ ಪರೀಕ್ಷೆಗೆ ಬಂದೇ ಬರುವ ಪ್ರಶ್ನೆಗಳು, ಅವಕ್ಕೆ ಅಂಕ ಬಂದೇ ಬರುವ ಉತ್ತರಗಳು, ಎಲ್ಲ ಸೇರಿ ಹದಿನೈದು ಹಾಳೆ. ಹಿಂದುಳಿದ ಮಕ್ಕಳನ್ನು ಮಾಸ್ತರರಿಗೆ ದತ್ತು ಕೊಡುತ್ತಾರೆ. ನನ್ನ ಪಾಲಿಗೆ ಐದು ಮಕ್ಕಳು, ಅವರಲ್ಲಿ ಇವಳೊಬ್ಬಳು. ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ ಎಬ್ಬಿಸಬೇಕು, ಎದ್ದರೆಂದು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕು. ನಾನು ಫೋನ್ ಮಾಡುವ ಹೊತ್ತಿಗೆ ಅವಳು ಎದ್ದು ಕಂಡಿಕೆ ಸುತ್ತುತ್ತಿರುತ್ತಿದ್ದಳು. "ಎದ್ದೇನ್ರಿ ಸರ್" ಎನ್ನುವ ದನಿಯ ಹಿಂದೆ ಸಣ್ಣ ಮೋಟಾರಿನ ಗುಂಯ್ ಸದ್ದು.

ಆ ಹದಿನೈದು ಹಾಳೆಗಳನ್ನು ತಯಾರು ಮಾಡಿದವನು ನಾನೇ. ಅದರಲ್ಲಿ ಒಂದು ಪ್ರಶ್ನೆ: ಗೃಹಬಳಕೆಯ ಉಪಕರಣಗಳನ್ನು ಸಮಾಂತರವಾಗಿ ಜೋಡಿಸುತ್ತಾರೆ, ಏಕೆ? ಎರಡು ಅಂಕ. ಉತ್ತರ: ಪ್ರತಿಯೊಂದು ಉಪಕರಣಕ್ಕೂ ಒಂದೇ ವಿಭವಾಂತರ ದೊರೆಯುತ್ತದೆ. ಒಂದು ಕೆಟ್ಟರೂ ಉಳಿದವು ಕೆಲಸ ಮಾಡುತ್ತವೆ. ಎರಡು ವಾಕ್ಯ, ಎರಡು ಅಂಕ. ಜನವರಿಯಿಂದ ಮಾರ್ಚಿನವರೆಗೆ ಅವಳಿಂದ ಇದನ್ನು ಎಷ್ಟು ಸಲ ಬರೆಸಿದೆನೋ. ಫೆಬ್ರುವರಿಯ ಕೊನೆಗೆ ವಿಭವಾಂತರ ಎಂಬ ಶಬ್ದ ತಪ್ಪಿಲ್ಲದೆ ಬಂತು. ನಾನು ಖುಷಿಯಿಂದ ಕೆಂಪು ಪೆನ್ನಿನಲ್ಲಿ 'ಛಲೋ' ಎಂದು ಬರೆದೆ.

ಬಲ್ಬಿನ ವಿಷಯ ನಾನು ಮತ್ತೆ ಎತ್ತಲಿಲ್ಲ. ಅದು ತಪ್ಪೆಂದೂ ಹೇಳಲಿಲ್ಲ.

ಹಾಲ್‌ಟಿಕೆಟ್ ಕೊಟ್ಟ ದಿನ ವರಾಂಡದಲ್ಲಿ ಅವಳು ಆ ಪ್ರಶ್ನೆ ಕೇಳಿದಳು. ಹೆಂಡತಿಗೆ ಹೇಳಿದ ಪ್ರಕಾರ ನಾನು ಅಂದದ್ದು: "ಪ್ಯಾಕೇಜಿಂದ ಬರಿ. ಬಲ್ಬ್ ಮನಸ್ಸಿನ್ಯಾಗ ಇಟ್ಕೊ." ಇದು ಜವಾಬ್ದಾರಿಯುಳ್ಳ ಮಾಸ್ತರನ ಮಾತು. ಸ್ಟಾಫ್‌ರೂಮಿನಲ್ಲಿ, ಎಲ್ಲವೂ ಮುಗಿದ ಮೇಲೆ, ಸಿಟ್ಟಿನಲ್ಲಿ ಹೇಳಿದ ಪ್ರಕಾರ: "ಖರೆ ಯಾವುದೈತಿ, ಅದನ್ನ ಬರಿ." ಇದು ವೀರನ ಮಾತು, ಹೇಳುವಾಗಲೇ ನನಗೆ ಅನುಮಾನವಿತ್ತು. ಬಸ್ಸಿನಲ್ಲಿ ಬರುವ ಮೂರನೆಯದರಲ್ಲಿ ಯಾರೋ ನನ್ನನ್ನು ಕರೆಯುತ್ತಾರೆ, ನಾನು ನಕ್ಕು ಹೋಗಿಬಿಡುತ್ತೇನೆ. ಇದೇ ನನ್ನ ಸ್ವಭಾವಕ್ಕೆ ಹೆಚ್ಚು ಹೊಂದುತ್ತದೆ. ಆದರೆ ಹೊಂದುವುದೆಲ್ಲ ನಡೆದದ್ದಲ್ಲ.

ಫಲಿತಾಂಶದ ದಿನ ಅವಳು ಒಂದೇ ವಿಷಯದಲ್ಲಿ ನಪಾಸಾಗಿದ್ದಳು. ವಿಜ್ಞಾನ. ಎರಡು ಅಂಕ ಕಡಿಮೆ.

ಉತ್ತರಪತ್ರಿಕೆಯ ಪ್ರತಿಗೆ ನಾನೇ ಅರ್ಜಿ ಹಾಕಿಸಿದೆ. ಕೆಲವು ದಿನಕ್ಕೆ ಅದು ಫೋನಿಗೆ ಬಂತು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಪುಟ ಸರಿಸಿದೆ. ಆ ಪ್ರಶ್ನೆ ಬಂದಿತ್ತು, ಶಬ್ದ ಶಬ್ದ ಅದೇ. ಅವಳು ಪ್ಯಾಕೇಜಿನ ಎರಡೂ ವಾಕ್ಯಗಳನ್ನು ಸರಿಯಾಗಿ ಬರೆದಿದ್ದಳು. ಆಮೇಲೆ ಅವೆರಡನ್ನೂ ಪಟ್ಟಿ ಹಿಡಿದು ಹೊಡೆದು ಹಾಕಿದ್ದಳು. ತಪ್ಪಾದರೆ ಗೀಚಬಾರದು, ಪಟ್ಟಿ ಹಿಡಿದು ಒಂದೇ ಗೆರೆ ಎಳೆಯಬೇಕು ಎಂದು ಕಲಿಸಿದವನೂ ನಾನೇ. ಕೆಳಗೆ ಅವಳ ಗುಂಡಗಿನ ಅಕ್ಷರ: "ಎಲ್ಲಕ್ಕೂ ಒಂದೇ ವೋಲ್ಟೇಜ್ ಬರುವುದಿಲ್ಲ. ಬಾಜು ಮನೆಯ ಮಗ್ಗ ಹಚ್ಚಿದರೆ ನಮ್ಮ ಬಲ್ಬ್ ಸಣ್ಣದಾಗುತ್ತದೆ. ಯಾಕೆಂದರೆ ದಾರಿಯ ವೈರಿನಲ್ಲಿ ವೋಲ್ಟೇಜ್ ಕಳೆಯುತ್ತದೆ. ವೈರ್ ಬಿಸಿ ಆಗುವುದು ಅದಕ್ಕೇ."

ಪಕ್ಕದಲ್ಲಿ ಕೆಂಪು ಸೊನ್ನೆ.

ಸಿಟ್ಟು ಬರಬೇಕಿತ್ತು. ಬರಲಿಲ್ಲ, ಯಾಕೆಂದರೆ ಆ ಸೊನ್ನೆ ಹಾಕಿದ ಕೈಯನ್ನು ನಾನು ಬಲ್ಲೆ. ಹೊಡೆದು ಹಾಕಿದ ಉತ್ತರವನ್ನು ನೋಡುವಂತಿಲ್ಲ, ಕೆಳಗಿನದು ಮಾದರಿ ಉತ್ತರದಲ್ಲಿಲ್ಲ, ಮುಂದಿನ ಪತ್ರಿಕೆ ಕಾಯುತ್ತಿದೆ. ಒಂದೆರಡು ವರ್ಷ ಹಿಂದೆ ನಾನೂ ಮೌಲ್ಯಮಾಪನಕ್ಕೆ ಹೋಗಿದ್ದೆ. ಯಾವ ಊರಿನ ಪತ್ರಿಕೆಗಳೋ ತಿಳಿಯದು. ನಕ್ಷತ್ರಗಳು ಏಕೆ ಮಿನುಗುತ್ತವೆ ಎಂಬುದಕ್ಕೆ ಒಂದು ಮಗು ಬರೆದಿತ್ತು: ಬೆಲ್ಲ ಕುದಿಯುವ ಕೊಪ್ಪರಿಗೆಯ ಆಚೆ ನಿಂತವರ ಮುಖ ಅಲುಗಾಡಿದಂತೆ ಕಾಣುತ್ತದೆ, ಹಾಗೆಯೇ ಮೇಲಿನ ಗಾಳಿಯಲ್ಲಿ ನಕ್ಷತ್ರ ಅಲುಗಾಡುತ್ತದೆ. ಮುಧೋಳ ಕಡೆಯ ಆಲೆಮನೆಗಳಲ್ಲಿ ಬೆಳೆದವನು ನಾನು, ಆ ಅಲುಗಾಡುವ ಮುಖಗಳನ್ನು ಕಂಡವನು. ಎದ್ದು ಹೋಗಿ ಮೇಲ್ವಿಚಾರಕರನ್ನು ಕೇಳಿದೆ.

"ವಕ್ರೀಭವನ ಅನ್ನೂ ಶಬ್ದ ಐತೇನ್ರಿ?" ಎಂದರು ಅವರು, ತಲೆ ಎತ್ತದೆ.

"ಇಲ್ರಿ."

"ಮತ್ತ ನನ್ನ ಯಾಕ ಕೇಳ್ತೀರಿ? ಚಾ ಬಂದೈತಿ ನೋಡ್ರಿ."

ಚಹಾ ಕುಡಿದೆ. ಬಂದು ಸೊನ್ನೆ ಹಾಕಿದೆ. ಆ ಮಗು ಎಷ್ಟು ಅಂಕದಿಂದ ಪಾಸಾಯಿತೋ, ಆಗಲಿಲ್ಲವೋ, ನನಗೆ ಯಾರೂ ತಿಳಿಸುವುದಿಲ್ಲ.

ಮರುಮೌಲ್ಯಮಾಪನಕ್ಕೂ ಹಾಕಿಸಿದೆವು. ಅಂಕಗಳಲ್ಲಿ ಬದಲಾವಣೆ ಇಲ್ಲ ಎಂದು ಬಂತು. ನಪಾಸಾದವರು ಮತ್ತೆ ಬರೆಯುವ ಎರಡನೆಯ ಪರೀಕ್ಷೆ ಹತ್ತಿರದಲ್ಲೇ ಇತ್ತು. ನಾನು ಅವಳ ಮನೆಗೆ ಹೋದೆ. ಅಪ್ಪ ಮಗ್ಗ ನಿಲ್ಲಿಸಿ ಹೊರಬಂದ. ಬೈಯುತ್ತಾನೆ ಎಂದುಕೊಂಡಿದ್ದೆ.

"ನೀವ್ ಯಾಕ ಮಾರಿ ಸಣ್ಣ ಮಾಡ್ಕೊಂಡೀರಿ ಸರ್? ತಪ್ಪ ಅಕೀದು. ಬರದಿದ್ದನ್ನ ಹೊಡದ ಹಾಕ್ಯಾಳಂತ. ಕೈಗೆ ಬಂದ ಸೀರಿ ಹರದಂಗ!"

"ಅಕಿ ಬರದಿದ್ದು ತಪ್ಪಲ್ಲ. ಖರೇನ ಐತಿ," ಎಂದೆ.

ಅವನು ನನ್ನನ್ನೇ ನೋಡಿದ. ಮಗ್ಗ ನಿಂತಿದ್ದರಿಂದ ಮೊದಲ ಸಲ ಅವನ ದನಿ ಇಳಿದಿತ್ತು. "ಖರೆ ಇದ್ರ ಅಂಕ ಯಾಕ ಕೊಡ್ಲಿಲ್ರಿ?"

ಹದಿನೆಂಟು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಇಷ್ಟು ನೇರವಾಗಿ ಪ್ರಶ್ನೆ ಕೇಳಿರಲಿಲ್ಲ. ನಾನು ಏನೋ ಹೇಳಿದೆ. ಪರೀಕ್ಷೆ ಬೇರೆ, ಜೀವನ ಬೇರೆ, ಅಂಥದ್ದೇನೋ. ಹುಡುಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಎರಡನೆಯ ಪರೀಕ್ಷೆಗೆ ನಾನು ಅವಳಿಗೆ ಹದಿನೈದು ಹಾಳೆಗಳನ್ನು ಎಂಟಕ್ಕೆ ಇಳಿಸಿಕೊಟ್ಟೆ. ಬಲ್ಬು ಕನಸಿನಲ್ಲೂ ಬರಬಾರದು ಎಂದು ತಮಾಷೆ ಮಾಡಿದೆ. ಅವಳು ಪಾಸಾದಳು. ಬೇಕಾದ್ದಕ್ಕಿಂತ ಹನ್ನೊಂದು ಅಂಕ ಹೆಚ್ಚೇ ಬಂದಿತ್ತು.

ಅದಾದ ಮೇಲೆ ನನ್ನ ವಿಷಯದ ಫಲಿತಾಂಶ ಚೆನ್ನಾಗಿಯೇ ಬರುತ್ತಿದೆ. ಒಂದು ಸಭೆಯಲ್ಲಿ ಶಾಲು ಹೊದಿಸಿದರು. ಹೆಡ್‌ಮಾಸ್ತರರು ನನ್ನ ಪಕ್ಕ ನಿಂತಿದ್ದರು, ಈ ಸಲ ಒಳ್ಳೆಯ ಕಾರಣಕ್ಕೆ. "ನೋಡ್ರಿ, ನಾ ಹೇಳಿದ್ದೆ," ಎಂದು ಮೆಲ್ಲಗೆ ಅಂದರು. ಆ ದಿನ ಅವರ ಕಣ್ಣಲ್ಲಿ ನೀರಿತ್ತು, ನಿವೃತ್ತಿಗೆ ಕೆಲವೇ ತಿಂಗಳಿತ್ತು. ಅವರ ಮೇಲೆ ನನಗೆ ಕೋಪವಿಲ್ಲ. ವಿದ್ಯುತ್ ಪಾಠ ಈಗ ಮೂರು ಪಿರಿಯಡ್‌ಗಳಲ್ಲಿ ಮುಗಿಯುತ್ತದೆ. ಮಲ್ಟಿಮೀಟರಿನ ಸೆಲ್ಲು ಸೋರಿ ಒಳಗೆ ಹಸಿರು ಹಿಡಿದಿದೆ. ತರಗತಿಯಲ್ಲಿ ಯಾರಾದರೂ "ಹಂಗಿಲ್ರಿ" ಅಂದಾರು ಎಂದು ಒಂದು ಕ್ಷಣ ತಡೆಯುತ್ತೇನೆ. ಯಾರೂ ಅನ್ನುವುದಿಲ್ಲ. ಅಂದರೆ ಏನು ಮಾಡುತ್ತೇನೆಂದು ನನಗೆ ಗೊತ್ತಿದೆ, ಅದಕ್ಕೇ ಅನ್ನದಿರಲಿ ಎಂದೂ ಅನಿಸುತ್ತದೆ.

ಶಾಲು ಹೊದಿಸಿದ ಕೆಲವು ವಾರಗಳ ಮೇಲೆ, ಬನಹಟ್ಟಿಗೆ ಅಂಟಿಕೊಂಡ ರಬಕವಿಯಲ್ಲಿ ಸೀರೆ ಕೊಳ್ಳಲು ಹೋಗಿದ್ದ ದಿನ, ಹೆಂಡತಿಯನ್ನು ಅಂಗಡಿಯಲ್ಲಿ ಬಿಟ್ಟು ಆ ಹುಡುಗಿಯ ಓಣಿಗೆ ಹೋದೆ. ಅವಳು ಮನೆಯಲ್ಲಿದ್ದಳು. ಕಾಲೇಜಿಗೆ ರಜೆಯಂತೆ. ಐಟಿಐ ಅಲ್ಲ. ಬನಹಟ್ಟಿಯಲ್ಲೇ ಆರ್ಟ್ಸ್.

"ಜಮಖಂಡಿಗೆ ಅರ್ಜಿ ಹಾಕಲಿಲ್ಲೇನು?"

"ಇಲ್ರಿ ಸರ್."

"ಅಪ್ಪಾ ಬ್ಯಾಡಂದ್ನೇನು?"

"ಅಪ್ಪಾ ಹಾಕಂದಾ. ನಾನ ಒಲ್ಲೆ ಅಂದ್ನಿ." ಅವಳು ಚಹಾದ ಕಪ್ಪು ಮುಂದಿಟ್ಟಳು. "ಕರೆಂಟ್ ನನಗ ತಿಳಿಯಂಗಿಲ್ರಿ ಸರ್. ತಿಳೀತೈತಂತ ತಿಳ್ಕೊಂಡಿದ್ನಿ. ಇಲ್ಲ."

ಅದರಲ್ಲಿ ನೋವಿರಲಿಲ್ಲ, ಎತ್ತರ ಸಾಲದು ಎಂದು ಹೇಳುವಂತೆ ಹೇಳಿದಳು. ಅದನ್ನೇ ನನಗೆ ತಡೆಯಲಾಗಲಿಲ್ಲ. ಇಷ್ಟು ದಿನ ಬಾಯಿಗೆ ಬಂದು ನಿಂತಿದ್ದನ್ನು ಕೇಳಿಬಿಟ್ಟೆ. "ಹಾಲ್‌ಟಿಕೆಟ್ ಕೊಟ್ಟ ದಿನಾ ವರಾಂಡದಾಗ ನೀ ನನ್ನ ಕೇಳಿದ್ದಿ, ಪ್ಯಾಕೇಜಿಂದೋ ಬಲ್ಬಿಂದೋ ಅಂತ. ನಾ ಏನಂದ್ನಿ?"

ಅವಳು ಹುಬ್ಬು ಕೂಡಿಸಿ ನೆನಪಿಸಿಕೊಂಡಳು.

"ನಾ ಕೇಳೇ ಇಲ್ರಿ ಸರ್."

"ಕೇಳಿದ್ದಿ."

"ಇಲ್ರಿ. ಕೇಳ್ಬೇಕಂತ ಮಾಡಿದ್ನಿ. ನಿಮ್ಮ ಸುತ್ತ ಎಲ್ಲಾರೂ ನಿಂತಿದ್ರು. ಹಂಗ ಮನಿಗೆ ಬಂದ್ನಿ."

ನನ್ನ ಮೂರೂ ಉತ್ತರಗಳು ಅಲ್ಲಿ ಬಿದ್ದವು. ನನ್ನನ್ನು ಹಗುರ ಮಾಡಲು ಅವಳು ಹಾಗೆ ಹೇಳಿದಳೋ, ನಿಜವೇ ಅದೋ, ಇಂದಿಗೂ ತೀರ್ಮಾನಿಸಲಾರೆ. ಅವಳು ಕೇಳದೆಯೇ ಇದ್ದರೆ, ಕೇಳಿದಂತೆ ಮಾಡಿಕೊಂಡು ನಾನು ನನಗೊಂದು ಪಾತ್ರ ಕೊಟ್ಟುಕೊಂಡಿದ್ದೆ. ಅವಳ ಬದುಕಿನ ಆ ಎರಡು ಅಂಕಗಳಲ್ಲಿ ನನಗೆ ಅಷ್ಟೂ ಪಾಲಿರಲಿಲ್ಲ.

"ಮತ್ತ ಯಾಕ ಹೊಡದ ಹಾಕಿದಿ?"

"ಪೇಪರ್ ಕೊಡೂದಕ್ಕ ಹತ್ತ ಮಿನಿಟ್ ಇತ್ರಿ. ಮ್ಯಾಲಿನ ಫ್ಯಾನ್ ಸಣ್ಣ ಆತು. ಮತ್ತ ಜ್ವಾರಾತು." ಪರೀಕ್ಷಾ ಕೇಂದ್ರದ ಹಿಂದೆಯೂ ಮಗ್ಗಗಳಿದ್ದವು. "ಯಾರೋ ಹಚ್ಚಿದ್ರು ಅಂತ ಗೊತ್ತಾತು. ನಾ ಬರದಿದ್ದು ನೋಡ್ಕೊಂಡ್ನಿ. ಎಲ್ಲಕ್ಕೂ ಒಂದ ವೋಲ್ಟೇಜ್ ಅಂತಿತ್ತು. ಕಣ್ಣ ಮುಂದ ಆಗಾಕತ್ತಿದ್ದನ್ನ ಬಿಟ್ಟ ಹೆಂಗ್ ಸುಳ್ಳ ಬರಿಯೂದಂತ..." ಅವಳು ನಕ್ಕಳು, ತನ್ನದೇ ಚಿಕ್ಕಂದಿನ ಕತೆ ಹೇಳುವವರಂತೆ. "ಹುಚ್ಚಿ ಇದ್ನಿ ಬಿಡ್ರಿ."

ಆಗಲೇ ಕರೆಂಟು ಹೋಯಿತು. ಓಣಿಯ ಸದ್ದೆಲ್ಲ ಒಮ್ಮೆಗೇ ನಿಂತು ಕಿವಿ ಗವ್ವೆಂದಿತು. ಒಂದೆರಡು ನಿಮಿಷಕ್ಕೆ ಮತ್ತೆ ಬಂತು. ಮೇಲಿನ ಶೆಡ್ಡಿನಲ್ಲಿ ಮೊದಲ ಮಗ್ಗ ಹತ್ತಿದ ಸದ್ದು ಕೇಳಿತು. ನಾನು ಅಭ್ಯಾಸದಿಂದ ಶೆಡ್ಡಿನೊಳಗಿನ ಬಲ್ಬಿನ ಕಡೆ ನೋಡಿದೆ. ಹಳೆಯದು ಇರಲಿಲ್ಲ. ಅದೇ ಹೋಲ್ಡರಿನಲ್ಲಿ ಬಿಳಿಯ ಎಲ್‌ಇಡಿ.

"ಅದು ಹೋತ್ರಿ," ಎಂದಳು, ನಾನು ನೋಡಿದ್ದನ್ನು ನೋಡಿ. "ಅಂಗಡ್ಯಾಗ ಅಂಥಾವು ಸಿಗವಲ್ಲವು. ಈಗ ಪಾಳಿ ಬಂದ್ರ ಫೋನ್ ಮಾಡ್ತಾರ. ನೋಡಾಕ ಯಾರೂ ಬೇಕಿಲ್ಲ."

ಒಳಗೆ ಅವಳಪ್ಪನ ಫೋನ್ ರಿಂಗಾಯಿತು. ಅವನು ಬಟನ್ ಒತ್ತಿದ. ಒಂದು, ಎರಡು, ಮೂರು, ನಾಲ್ಕು. ನಾನು ಬಲ್ಬಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ದಾರಿಯ ತಂತಿ ಬೆಚ್ಚಗಾಗುತ್ತಿತ್ತು, ವೋಲ್ಟುಗಳು ಕಳೆಯುತ್ತಿದ್ದವು, ನನಗೆ ಗೊತ್ತಿತ್ತು. ಬೆಳಕು ಮಾತ್ರ ಪುಸ್ತಕದಲ್ಲಿ ಬರೆದಂತೆ ಒಂದೇ ಸಮನೆ ಇತ್ತು.

ಅವಳೂ ನೋಡುತ್ತಾಳೇನೋ ಎಂದು ತಿರುಗಿದೆ. ಅವಳು ನನ್ನ ಕಪ್ಪಿನ ಕಡೆ ಕೈ ತೋರಿಸಿ, ಸದ್ದಿನ ಮೇಲಿಂದ ಅಪ್ಪನಂತೆಯೇ ಕೂಗಿದಳು:

"ಕುಡೀರಿ ಸರ್, ಆರತೈತಿ!"